ನಥಾನಿಯೆಲ್ ಮತ್ತು ನಮ್ಮ ದತ್ತ



ನಮ್ಮ ಮಗನಿಗೆ ಎಂಟು ವರ್ಷ. ಹೆಸರು ದತ್ತಾತ್ರೇಯ, ನಮ್ಮ ತಂದೆಯವರದ್ದೇ. ಕಳೆದ ತಿಂಗಳು ಶಾಲೆಯಿಂದ ಬಂದವನೇ "ಅಪ್ಪಾ, ಇನ್ಮೇಲೆ ನಂಗೆ ಡ್ಯಾನ್ ಅಂತ ಕರಿ" ಎಂದ. ಹಾಜರಿ ಕೂಗುವಾಗ ಟೀಚರ್ ಇವನ ಹೆಸರಿಗೆ ಬಂದು ತಡವರಿಸುತ್ತಾರಂತೆ, ಹುಡುಗರು ನಗುತ್ತಾರಂತೆ. ಅವನ ಗೆಳೆಯ ನಥಾನಿಯೆಲ್‌ನ ಹೆಸರೂ ಉದ್ದವೇ, ಆದರೆ ಅದು "ನಾರ್ಮಲ್ ಹೆಸರು". ನನಗೆ ಬೈಯಲು ಮನಸ್ಸಾಗಲಿಲ್ಲ. ಆಫೀಸಿನಲ್ಲಿ ನನ್ನ ಹೆಸರನ್ನು ನಾನೇ ಮೊಟಕು ಮಾಡಿಕೊಂಡಿದ್ದೇನೆ! ಬದಲಿಗೆ ಆ ನಾರ್ಮಲ್ ಹೆಸರಿನ ಬೇರು ಹುಡುಕುತ್ತಾ ಕೂತೆ.

ಅದು ಮೂಲದಲ್ಲಿ ಇಂಗ್ಲಿಷ್ ಹೆಸರೇ ಅಲ್ಲ, ಹೀಬ್ರೂ. ಅಲ್ಲಿ ಅದು ನೆತನ್‌ಏಲ್. ಬಲದಿಂದ ಎಡಕ್ಕೆ ಐದೇ ಅಕ್ಷರ. ಸಂಸ್ಕೃತದಂತೆ ಹೀಬ್ರೂವಿನಲ್ಲೂ ಧಾತುಗಳಿವೆ, ಹೆಚ್ಚಾಗಿ ಮೂರು ವ್ಯಂಜನದವು. ಇಲ್ಲಿರುವುದು ನ-ತ-ನ, ಅಂದರೆ ಕೊಡು. ‘ಏಲ್’ ಎಂದರೆ ದೇವರು. ಡೇನಿಯಲ್, ಮೈಕೆಲ್, ಸ್ಯಾಮ್ಯುಯೆಲ್ ಹೆಸರುಗಳ ಬಾಲದಲ್ಲಿರುವುದೂ ಇದೇ. ಒಟ್ಟಿನಲ್ಲಿ, ದೇವರು ಕೊಟ್ಟನು. ನಮ್ಮ ದೇವದತ್ತ! ನಡುವಿನ ‘ಥ’ ಗ್ರೀಕ್ ಬೈಬಲ್ಲಿನ ದಾರಿಯಲ್ಲಿ ಬಂದದ್ದು.

ಈ ಭಾಗಗಳನ್ನು ಹಿಂದುಮುಂದು ಮಾಡಿದರೂ ಹೆಸರು ಕೆಡುವುದಿಲ್ಲ. ‘ಎಲ್ನಾತಾನ್’ ಎಂಬಾತನೂ ಬೈಬಲ್ಲಿನಲ್ಲಿದ್ದಾನೆ. ಏಲ್ ಬದಲು ಇಸ್ರಾಯೇಲರ ದೇವರ ಹೆಸರಾದ ಯಾಹ್ವೆ ಸೇರಿಸಿದರೆ ಮುಂದೆ ಬಂದಾಗ ಯೋನಾತಾನ್, ಅಂದರೆ ಜೊನಾಥನ್. ಹಿಂದೆ ಬಂದಾಗ ನೆತನ್ಯಾಹು. ಮ್ಯಾಥ್ಯೂ, ಅಂದರೆ ನಮ್ಮ ಕ್ರೈಸ್ತ ಬಂಧುಗಳ ಮತ್ತಾಯ, ಇದೇ ಧಾತುವಿನವನು: ದೇವರ ಕೊಡುಗೆ. ಗ್ರೀಕರ ಥಿಯೋಡೋರ್, ಸ್ಲಾವ್ ಜನರ ಬೊಗ್ದಾನ್, ಪಾರ್ಸಿ ಭಾಷೆಯ ಖುದಾದಾದ್ ಕೂಡ ಅರ್ಥದಲ್ಲಿ ಇವರ ನೆಂಟರೇ.

ಬೈಬಲ್ಲಿನಲ್ಲಿ ದಾವೀದನ ಒಬ್ಬ ಅಣ್ಣನಿಗೆ ಈ ಹೆಸರಿದೆ. ಹೆಚ್ಚು ಪರಿಚಿತನಾದವನು ಯೋಹಾನನ ಸುವಾರ್ತೆಯಲ್ಲಿ ಬರುವವನು. ಯೇಸು ನಜರೇತಿನವನೆಂದು ಕೇಳಿ, ಆ ಊರಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ಮೂಗು ಮುರಿದಾತ ಈತನೇ. (ಸಣ್ಣ ಊರಿನವರ ಪಾಡು ಆಗಲೂ ಹೀಗೆಯೇ ಇತ್ತು.)

ಇಂಗ್ಲೆಂಡಿನಲ್ಲಿ ಈ ಹೆಸರು ಬಳಕೆಗೆ ಬಂದದ್ದು 16ನೇ ಶತಮಾನದ ಮತಸುಧಾರಣೆಯ ನಂತರ. ಪ್ಯೂರಿಟನ್ನರು ಅದನ್ನು ಅಮೆರಿಕಕ್ಕೂ ತಂದರು. 1804ರಲ್ಲಿ ಸೇಲಂನಲ್ಲಿ ಹುಟ್ಟಿದ ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್ ಆ ವಂಶದವನೇ. ಹೇಗೂ ಅದೂ ಹೊರಗಿನಿಂದ ಬಂದ ಹೆಸರು, ಬಳಸಿ ಬಳಸಿ ನಾರ್ಮಲ್ ಆಯಿತು.

ಇಷ್ಟನ್ನೂ ಊಟದ ಹೊತ್ತಿಗೆ ಮಗನಿಗೆ ಹೇಳಿದೆ. ಅವನು ಆರಿಸಿಕೊಂಡ ‘ಡ್ಯಾನ್’ ಕೂಡ ಹೀಬ್ರೂವಿನದೇ, ನ್ಯಾಯ ತೀರಿಸಿದ ಎಂದರ್ಥ ಅಂದೆ. ಅದರಲ್ಲಿ ಆಸಕ್ತಿ ತೋರಿಸಲಿಲ್ಲ. "ದತ್ತ ಅಂದ್ರೆ ಕೊಟ್ಟಿದ್ದಾ? ಹಾಗಾದ್ರೆ ನಂದೂ ನಥಾನಿಯೆಲ್‌ದೂ ಒಂದೇನಾ?" ಅಂದ. ಹೆಚ್ಚುಕಡಿಮೆ ಒಂದೇ, ನೀನು ಅತ್ರಿಮುನಿಯ ಮನೆಯವನು ಅಷ್ಟೇ ಅಂದೆ.

ಮರುದಿನ ಗೆಳೆಯನಿಗೆ ಹೇಳಿಕೊಟ್ಟನಂತೆ. ಆ ಹುಡುಗ ಎಷ್ಟು ತಿದ್ದಿದರೂ "ಡೇಟಾ" ಅನ್ನುತ್ತಾನಂತೆ. ತಪ್ಪೇನಿಲ್ಲ. ದಿನವಿಡೀ ನಾನು ಆಫೀಸಿನಲ್ಲಿ ಹೆಣಗುವ ಆ ಡೇಟಾ ಲ್ಯಾಟಿನ್ ಶಬ್ದ, ‘ಕೊಟ್ಟವು’ ಎಂದರ್ಥ. ಸಂಸ್ಕೃತದ ‘ದಾ’ ಧಾತುವಿನ ಸೋದರ. ಹಾಜರಿಯಲ್ಲಿ ಏನೆಂದು ಕೂಗಬೇಕೆಂಬುದು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.