ಮರುಕಳಿಸುವ ಖಿನ್ನತೆ ಮತ್ತು ಆತಂಕ: ಔಷಧ, ಆಸರೆ, ಎಚ್ಚರ

ದೇಹಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ನೆರೆಯುತ್ತಾರೆ. ಮನಸ್ಸು ಬೇನೆಬಿದ್ದರೆ ರೋಗಿಯೇ ಅದನ್ನು ಮುಚ್ಚಿಡುತ್ತಾನೆ. ಮೊದಲ ಸಲ ಹೇಗೋ ಧೈರ್ಯ ತಂದುಕೊಂಡು ವೈದ್ಯರ ಬಳಿಗೆ ಹೋಗಿ ಗುಣಹೊಂದಿದವರು ಸಹ, ಒಂದೆರಡು ವರ್ಷಗಳ ತರುವಾಯ ಅದೇ ಬೇನೆ ಮರಳಿ ಬಂದಾಗ ಬಾಯಿಬಿಡಲು ನಾಚುತ್ತಾರೆ. ಮನೆಯವರು “ಮತ್ತೆ ಶುರುವಾಯಿತೇ?” ಎಂದು ಬೇಸರಪಟ್ಟಾರು ಎಂಬ ಅಳುಕು ಒಂದು ಕಡೆ, ತನ್ನ ಹಣೆಬರಹವೇ ಇಷ್ಟು ಎಂಬ ನಿರಾಶೆ ಇನ್ನೊಂದು ಕಡೆ. ಈ ಎರಡನೆಯ ಸಲದ ಮೌನವು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರವಾದುದು. ಆದುದರಿಂದ ಬೇನೆ ಮರುಕಳಿಸುವುದೇಕೆ, ಅದನ್ನು ತಡೆಯುವುದು ಹೇಗೆ, ರೋಗಿಯ ಸುತ್ತಲಿನವರ ಕರ್ತವ್ಯವೇನು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಲೇಸು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ. ಇಂತಹ ಸಾಮಾನ್ಯ ಮನೋವ್ಯಾಧಿಗಳಿಂದ ನರಳುವವರಲ್ಲಿ 10ರಲ್ಲಿ 8ಕ್ಕೂ ಹೆಚ್ಚು ಮಂದಿ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಮಹಾನಗರಗಳಲ್ಲಿ ಈ ಬೇನೆಗಳ ಪ್ರಮಾಣ ಹೆಚ್ಚೆಂಬುದನ್ನೂ ಆ ಸಮೀಕ್ಷೆ ತೋರಿಸಿತು.

ಜೊತೆಯಾಗಿ ಬರುವ ಎರಡು ಬೇನೆಗಳು

ದುಃಖ ಬೇರೆ, ಖಿನ್ನತೆ ಬೇರೆ. ದುಃಖಕ್ಕೆ ಕಾರಣವಿರುತ್ತದೆ, ಕಾಲ ಕಳೆದಂತೆ ಅದು ಇಳಿಯುತ್ತದೆ. ಖಿನ್ನತೆಯಾದರೋ ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸನ್ನು ಕವಿದುಕೊಂಡಿರುತ್ತದೆ. ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ನಸುಕಿನಲ್ಲಿಯೇ ಎಚ್ಚರವಾಗುವುದು, ಹಸಿವು ಕುಗ್ಗುವುದು, ಸಣ್ಣ ನಿರ್ಧಾರಕ್ಕೂ ತಡಕಾಡುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ, ಜೀವವೇ ಬೇಡವೆಂಬ ಯೋಚನೆ – ಇವು ಅದರ ಲಕ್ಷಣಗಳು. ಆತಂಕದ ಬೇನೆಯಲ್ಲಿ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಉಸಿರು ಕಟ್ಟಿದಂತಾಗುವುದು, ಏನೋ ಕೆಡುಕಾಗಲಿದೆಯೆಂಬ ಅವ್ಯಕ್ತ ಭಯ ಕಾಣಿಸುತ್ತವೆ. ಅನೇಕರಲ್ಲಿ ಇವೆರಡೂ ಕೂಡಿಯೇ ಬರುತ್ತವೆ.

ನಮ್ಮವರಲ್ಲಿ ಮನಸ್ಸಿನ ಬೇನೆ ಬಹಳ ವೇಳೆ ದೇಹದ ಭಾಷೆಯಲ್ಲಿ ಮಾತನಾಡುತ್ತದೆ. ತಲೆ ಭಾರ, ಎದೆ ಉರಿ, ಕೈಕಾಲು ಸೋಲು, ಹೊಟ್ಟೆಯಲ್ಲಿ ತಳಮಳ ಎಂದು ರೋಗಿ ಹೃದ್ರೋಗ ತಜ್ಞರಿಂದ ಉದರರೋಗ ತಜ್ಞರ ಕಡೆಗೆ ಅಲೆಯುತ್ತಾನೆ. ದೇಹದ ಪರೀಕ್ಷೆ ಅವಶ್ಯವೇ ಹೌದು. ಥೈರಾಯ್ಡ್ ಗ್ರಂಥಿಯ ನ್ಯೂನತೆ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆಗಳೂ ಇಂತಹ ಲಕ್ಷಣಗಳನ್ನು ತೋರಬಲ್ಲವು. ಆದರೆ ಪರೀಕ್ಷೆಗಳೆಲ್ಲ ಸರಿಯಾಗಿದ್ದೂ ಸಂಕಟ ನಿಲ್ಲದಿದ್ದರೆ “ಏನೂ ಇಲ್ಲ” ಎಂದು ಕೈತೊಳೆದುಕೊಳ್ಳಬಾರದು, ಮನೋವೈದ್ಯರನ್ನು ಕಾಣಬೇಕು.

ಏಕೆ ಮರಳಿ ಬರುತ್ತದೆ?

ಒಮ್ಮೆ ಖಿನ್ನತೆಗೆ ಒಳಗಾಗಿ ಗುಣವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮುಂದೆಂದಾದರೂ ಮತ್ತೊಮ್ಮೆ ಬರುವ ಸಂಭವವಿದೆ. ಎರಡು, ಮೂರು ಸಲ ಬಂದವರಲ್ಲಿ ಈ ಸಂಭವ ಇನ್ನೂ ಹೆಚ್ಚುತ್ತದೆ. ಇದು ರೋಗಿಯ ದೌರ್ಬಲ್ಯವೂ ಅಲ್ಲ, ವೈದ್ಯರ ಸೋಲೂ ಅಲ್ಲ. ರೋಗದ ಸ್ವಭಾವವೇ ಅಂತಹದು. ಉಬ್ಬಸ, ರಕ್ತದೊತ್ತಡಗಳಂತೆ ಇದನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳಬೇಕಾದ ಬೇನೆಯೆಂದು ತಿಳಿದರೆ ಅರ್ಧ ನಾಚಿಕೆ ಅಲ್ಲಿಯೇ ಕಳಚುತ್ತದೆ.

ಮರುಕಳಿಸುವುದರಲ್ಲಿ ಎರಡು ಬಗೆಗಳಿವೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾದೀತು. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಒಬ್ಬ ಗುಮಾಸ್ತ. ಮೂವತ್ತೆರಡನೆಯ ವಯಸ್ಸಿನಲ್ಲಿ ಖಿನ್ನತೆಗೆ ಒಳಗಾಗುತ್ತಾನೆ. ಮಾತ್ರೆಗಳಿಂದ ಎರಡು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾನೆ. ಚಟ ಹತ್ತೀತೆಂದು ಬಂಧುಗಳು ಹೆದರಿಸಿದ್ದರಿಂದ ಮೂರನೆಯ ತಿಂಗಳು ಮಾತ್ರೆಯನ್ನು ತಾನೇ ನಿಲ್ಲಿಸುತ್ತಾನೆ. ಕೆಲವೇ ವಾರಗಳಲ್ಲಿ ಬೇನೆ ಮತ್ತೆ ತಲೆಯೆತ್ತುತ್ತದೆ. ಇಲ್ಲಿ ಬಂದದ್ದು ಹೊಸ ಬೇನೆಯಲ್ಲ. ಬೂದಿ ಮುಚ್ಚಿದ್ದ ಹಳೆಯ ಕೆಂಡವೇ. ಈ ಸಲ ಅವನು ವೈದ್ಯರು ಹೇಳಿದಷ್ಟು ಕಾಲ ಔಷಧ ಸೇವಿಸಿ, ಅವರ ಸಲಹೆಯಂತೆ ಕ್ರಮೇಣ ನಿಲ್ಲಿಸಿ, ಆರು ವರ್ಷ ಸುಖವಾಗಿರುತ್ತಾನೆ. ಅನಂತರ ಊರಿನಲ್ಲಿ ತಂದೆ ತೀರಿಕೊಳ್ಳುತ್ತಾರೆ, ಅದೇ ವರ್ಷ ಹೊಸ ಶಾಖೆಗೆ ವರ್ಗವಾಗುತ್ತದೆ, ನಿದ್ದೆ ಕೆಡುತ್ತದೆ, ಬೇನೆ ಮೂರನೆಯ ಸಲ ಬರುತ್ತದೆ. ಇದು ಪೂರ್ಣವಾಗಿ ಗುಣವಾದ ಮೇಲೆ ಹೊಸದಾಗಿ ಬಂದ ಸರದಿ. ಮೊದಲನೆಯ ಬಗೆಯನ್ನು ತಡೆಯುವುದು ಔಷಧದ ಅವಧಿಯನ್ನು ಪೂರೈಸುವುದರಿಂದ; ಎರಡನೆಯದನ್ನು ಎದುರಿಸುವುದು ಮುನ್ನೆಚ್ಚರದಿಂದ ಮತ್ತು ಬೇಗ ಚಿಕಿತ್ಸೆ ಪಡೆಯುವುದರಿಂದ.

ಆಪ್ತರ ಅಗಲಿಕೆ, ಹೆರಿಗೆ, ದೀರ್ಘಕಾಲದ ದೇಹರೋಗ, ಸಾಲದ ಹೊರೆ, ಮದ್ಯಪಾನ, ನಿದ್ರಾಭಂಗ – ಇವು ಮರುಕಳಿಕೆಗೆ ಸಾಮಾನ್ಯವಾದ ಪ್ರಚೋದನೆಗಳು. ಮೊದಲ ಸಲ ದೊಡ್ಡ ಆಘಾತದಿಂದ ಬಂದ ಬೇನೆಯು ಅನಂತರ ಸಣ್ಣ ಕಾರಣಕ್ಕೂ ಬರಬಹುದು. ತುಳಿದಷ್ಟೂ ಕಾಲುದಾರಿ ಸವೆಯುವ ಹಾಗೆ.

ಪರಸ್ಥಳದ ಒಂಟಿತನ

ಜಾರ್ಜ್ ಬ್ರೌನ್ ಮತ್ತು ತಿರಿಲ್ ಹ್ಯಾರಿಸ್ ಎಂಬ ಸಂಶೋಧಕರು ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ಮಹಿಳೆಯರನ್ನು ಅಭ್ಯಸಿಸಿ 1978ರಲ್ಲಿ ಒಂದು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಕಷ್ಟ ಒದಗಿದಾಗ ಖಿನ್ನತೆಗೆ ಸುಲಭವಾಗಿ ತುತ್ತಾಗುವವರಲ್ಲಿ ಕೆಲವು ಸಮಾನ ಅಂಶಗಳನ್ನು ಅವರು ಕಂಡರು: ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಆಪ್ತರಿಲ್ಲದಿರುವುದು, ಮನೆಯಲ್ಲಿ ಮೂರು ಅಥವಾ ಹೆಚ್ಚು ಎಳೆಯ ಮಕ್ಕಳಿರುವುದು, ಹೊರಗೆ ದುಡಿಮೆಯಿಲ್ಲದಿರುವುದು, ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡಿರುವುದು. ಇವುಗಳಲ್ಲಿ ಮೊದಲನೆಯದನ್ನು ಮಹಾನಗರಗಳ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಪತಿ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ರಾತ್ರಿಯವರೆಗೆ ನೆರೆಯ ಭಾಷೆ ಬಾರದ ಗೃಹಿಣಿ. ಮಕ್ಕಳ ಫ್ಲಾಟಿಗೆ ಊರು ಬಿಟ್ಟು ಬಂದ ವೃದ್ಧ ತಂದೆತಾಯಿ. ಹೋಟೆಲಿನ ಮಹಡಿಯಲ್ಲಿ ಮಲಗುವ ತರುಣ. ಪ್ರತಿ ವರ್ಗಾವಣೆಯಲ್ಲಿಯೂ ಗೆಳೆಯರನ್ನು ಕಳೆದುಕೊಳ್ಳುವ ನೌಕರ – ಇವರೆಲ್ಲರೂ ಜನಜಂಗುಳಿಯ ನಡುವೆಯೇ ಒಂಟಿಗಳು.

ಭಾಷೆಯ ತೊಡಕೂ ಸಣ್ಣದಲ್ಲ. ಬೇಸರ, ಸಂಕಟ, ತಳಮಳ, ಅಳುಕು, ಜಿಗುಪ್ಸೆ – ಇವು ಒಂದೇ ಅಲ್ಲವೆಂದು ಕನ್ನಡಿಗರು ಬಲ್ಲರು. ಪರಭಾಷೆಯಲ್ಲಿ ವೈದ್ಯರೆದುರು ಕುಳಿತಾಗ ಇವೆಲ್ಲವೂ “ಟೆನ್ಷನ್” ಎಂಬ ಒಂದೇ ಮಾತಿನಲ್ಲಿ ಕರಗಿಹೋಗುತ್ತವೆ. ಹೀಗಾಗಿ, ಹೋಗುವ ಮುನ್ನ ತನ್ನ ತೊಂದರೆಗಳನ್ನು ಕನ್ನಡದಲ್ಲಿ ಬರೆದುಕೊಂಡು, ಎರಡೂ ಭಾಷೆ ಬಲ್ಲ ನಂಬಿಕಸ್ಥರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಹಿತಕರ. 10 ಅಕ್ಟೋಬರ್ 2022ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ-ಮಾನಸ್’ ದೂರವಾಣಿ ಸೇವೆಯು ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಸಂಖ್ಯೆ 14416. ಹಗಲಿರುಳು ತೆರೆದಿರುತ್ತದೆ, ಶುಲ್ಕವಿಲ್ಲ. ಓದುವ ಆಸಕ್ತಿಯುಳ್ಳವರಿಗೆ ಕನ್ನಡದಲ್ಲಿ ಮನಃಶಾಸ್ತ್ರ ಸಾಹಿತ್ಯದ ಕೊರತೆಯಿಲ್ಲ. ‘ಕೊರವಂಜಿ’ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು, ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಹತ್ತಾರು ಪುಸ್ತಕಗಳನ್ನು ರಚಿಸಿದ್ದಾರೆ.

ಮುನ್ಸೂಚನೆಗಳು

ಬೇನೆ ಒಂದೇ ರಾತ್ರಿಯಲ್ಲಿ ಮರಳುವುದು ಅಪರೂಪ. ಪ್ರತಿಯೊಬ್ಬ ರೋಗಿಗೂ ತನ್ನದೇ ಆದ ಮುನ್ಸೂಚನೆಗಳಿರುತ್ತವೆ. ಒಬ್ಬರಿಗೆ ಮೊದಲು ನಿದ್ದೆ ಹಾರುತ್ತದೆ. ಇನ್ನೊಬ್ಬರು ದೂರವಾಣಿ ಕರೆಗಳಿಗೆ ಉತ್ತರಿಸುವುದನ್ನು ಬಿಡುತ್ತಾರೆ. ಮತ್ತೊಬ್ಬರು ಸ್ನಾನ, ಕ್ಷೌರಗಳನ್ನು ಮುಂದೂಡುತ್ತಾರೆ. ಗುಣವಾಗಿರುವಾಗಲೇ, ಮನೆಯವರೊಂದಿಗೆ ಕುಳಿತು, ಕಳೆದ ಸಲ ಏನೇನು ಮೊದಲು ಕಾಣಿಸಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ವಾರಕ್ಕೊಮ್ಮೆ ನಿದ್ದೆ, ಹಸಿವು, ಉತ್ಸಾಹಗಳನ್ನು ಮನೆಯ ಜಮಾಖರ್ಚಿನಂತೆ ನಮೂದಿಸುತ್ತ ಬಂದರೆ ಶಿಲ್ಕು ಇಳಿಯುತ್ತಿರುವುದು ಬೇಗ ಕಣ್ಣಿಗೆ ಬೀಳುತ್ತದೆ. ಎರಡು ವಾರ ಸತತವಾಗಿ ಇಳಿಮುಖವಾದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ವೈದ್ಯರನ್ನು ಕಾಣಬೇಕು. ಯಾರಿಗೆ ಫೋನ್ ಮಾಡಬೇಕು, ಹಳೆಯ ಔಷಧ ಚೀಟಿ ಎಲ್ಲಿದೆ ಎಂಬುದೂ ಅದೇ ಪುಸ್ತಕದಲ್ಲಿರಲಿ.

ಚಿಕಿತ್ಸೆಯ ಮಾರ್ಗಗಳು

ಖಿನ್ನತೆಯ ಔಷಧಗಳು ನೋವಿನ ಮಾತ್ರೆಗಳಂತೆ ಗಂಟೆಯೊಳಗೆ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಬೇಕು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮೊದಲಾದ ಉಪದ್ರವಗಳು ಆರಂಭದಲ್ಲಿ ಕಂಡರೂ ಬಹುಪಾಲು ಇಳಿಯುತ್ತವೆ. ಇಳಿಯದಿದ್ದರೆ ವೈದ್ಯರು ಔಷಧವನ್ನು ಬದಲಿಸಬಲ್ಲರು. ಪೂರ್ಣ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು, ಮೇಲಿಂದಮೇಲೆ ಮರುಕಳಿಸುವವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಔಷಧವನ್ನು ಮುಂದುವರಿಸಲು ಹೇಳುವುದುಂಟು. ಈ ಔಷಧಗಳು ಮದ್ಯದಂತೆ ಚಟ ಹಿಡಿಸುವಂತಹವಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಉಂಟಾಗಬಹುದು, ಕ್ರಮೇಣ ಇಳಿಸಬೇಕು. ಆಲ್‌ಪ್ರಜೋಲಾಮ್ ಮುಂತಾದ ಶಾಮಕ ಮಾತ್ರೆಗಳ ಮಾತು ಬೇರೆ. ಅವು ಬೇಗ ನೆಮ್ಮದಿ ಕೊಡುತ್ತವೆ, ಆದರೆ ಅಭ್ಯಾಸವಾಗಿಬಿಡುತ್ತವೆ. ಅಂಗಡಿಯಿಂದ ತಾವಾಗಿ ಕೊಂಡು ಸೇವಿಸಕೂಡದು. ಬಹುಕಾಲ ಸೇವಿಸಿದವರು ತಟ್ಟನೆ ನಿಲ್ಲಿಸಲೂ ಕೂಡದು. ಹಿಂದೆ ಎಂದಾದರೂ ಮಿತಿಮೀರಿದ ಉತ್ಸಾಹ, ನಿದ್ದೆಯಿಲ್ಲದ ಚಟುವಟಿಕೆ, ದುಂದುವೆಚ್ಚಗಳ ಕಾಲವೊಂದು ಇದ್ದಿದ್ದರೆ ಅದನ್ನು ವೈದ್ಯರಿಗೆ ಅವಶ್ಯವಾಗಿ ತಿಳಿಸಬೇಕು. ಆಗ ಚಿಕಿತ್ಸೆಯ ಕ್ರಮವೇ ಬೇರೆ.

ಮಾತಿನ ಚಿಕಿತ್ಸೆಗೂ ಸಮಾನ ಸ್ಥಾನವಿದೆ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ, “ನಾನು ಯಾವುದಕ್ಕೂ ಬಾರದವನು” ಎಂಬಂತಹ ಯೋಚನೆಗಳನ್ನು ರೋಗಿಯು ಸಾಕ್ಷ್ಯಾಧಾರಗಳಿಂದ ಪರೀಕ್ಷಿಸಲು ಕಲಿಯುತ್ತಾನೆ. ಇದೇ ಪದ್ಧತಿಗೆ ಧ್ಯಾನವನ್ನು ಜೋಡಿಸಿದ ಎಂಟು ವಾರಗಳ ಶಿಕ್ಷಣವೊಂದು, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾದವರಲ್ಲಿ ಮರುಕಳಿಕೆಯನ್ನು ತಗ್ಗಿಸುವುದೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ನೆರೆಯ ಗೋವೆಯ ‘ಸಂಗಾತ್’ ಸಂಸ್ಥೆಯ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಲ್ಲಿ ತರಬೇತಿ ಪಡೆದ ಸಾಮಾನ್ಯ ಜನರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೆಂಟು ಭೇಟಿಗಳಲ್ಲಿ ರೋಗಿಗಳಿಗೆ ನೆರವಾದರು. ಹುಮ್ಮಸ್ಸು ಬರಲೆಂದು ಕಾಯದೆ ಸಣ್ಣ ಕೆಲಸವೊಂದನ್ನು ಮೊದಲು ಮಾಡಬೇಕು, ಹುಮ್ಮಸ್ಸು ಹಿಂದಿನಿಂದ ಬರುತ್ತದೆ – ಇದೇ ಅದರ ತಿರುಳು. ತೀವ್ರ ಖಿನ್ನತೆಯುಳ್ಳವರಿಗೂ ಇದು ಫಲ ನೀಡಿತು. ಮರುಕಳಿಕೆಯ ಭಯವಿರುವವರು ದಿನಕ್ಕೊಂದು ನಡಿಗೆ, ಒಂದು ಭೇಟಿ, ಒಂದು ಮನೆಗೆಲಸವೆಂದು ನಿಗದಿ ಮಾಡಿಕೊಳ್ಳುವುದರಲ್ಲಿ ಶಾಸ್ತ್ರೀಯ ಅರ್ಥವಿದೆ. ಯೋಗ, ಪ್ರಾರ್ಥನೆ, ಭಜನೆಗಳು ಚಿಕಿತ್ಸೆಗೆ ಪೂರಕವಾಗಲಿ, ಬದಲಿಯಾಗದಿರಲಿ.

ಮನೆಯವರ ಪಾಲು

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಅವರ ಬಂಧುಗಳನ್ನೂ ಇರಿಸಿಕೊಂಡರು. ಆರೈಕೆಯನ್ನು ಕಲಿತ ಬಂಧುಗಳು ರೋಗಿಯನ್ನು ಮನೆಗೆ ಕರೆದೊಯ್ದರು. ಕುಟುಂಬವೇ ಚಿಕಿತ್ಸೆಯ ಭಾಗವೆಂಬ ಈ ತತ್ತ್ವವು ಮರುಕಳಿಸುವ ಬೇನೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಎಡೆಬಿಡದೆ ಟೀಕಿಸುವ ಮನೆಗೆ ಹಿಂದಿರುಗಿದ ರೋಗಿಗಳಲ್ಲಿ ಬೇನೆ ಹೆಚ್ಚಾಗಿ ಮರುಕಳಿಸುವುದನ್ನು 1970ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರು ಗುರುತಿಸಿದರು.

“ಮನಸ್ಸು ಗಟ್ಟಿ ಮಾಡಿಕೋ”, “ನಿನಗೇನು ಕಡಮೆಯಾಗಿದೆ?” ಎಂಬ ಮಾತುಗಳು ಸದುದ್ದೇಶದವೇ ಆದರೂ ಗಾಯದ ಮೇಲೆ ಉಪ್ಪು. “ಕಷ್ಟವಾಗುತ್ತಿದೆಯೆಂದು ಕಾಣುತ್ತದೆ, ನಾಳೆ ಡಾಕ್ಟರರ ಹತ್ತಿರ ಒಟ್ಟಿಗೆ ಹೋಗೋಣ” ಎಂಬ ಒಂದು ಮಾತು ಹತ್ತು ಉಪದೇಶಗಳಿಗಿಂತ ಮೇಲು. ಆರೈಕೆ ಮಾಡುವವರೂ ದಣಿಯುತ್ತಾರೆ ಎಂಬುದನ್ನು ಮರೆಯಲಾಗದು. ಭಾರ ಪತ್ನಿಯೊಬ್ಬಳ ಮೇಲೆಯೇ ಬೀಳದಂತೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಹಂಚಿಕೊಳ್ಳಬೇಕು.

ರೋಗಿಯು ಸಾವಿನ ಮಾತನ್ನಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. “ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡು ಹಗುರಾಗಲು ದಾರಿಯಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ, ಮಾತ್ರೆಗಳನ್ನೂ ಅಪಾಯಕರ ವಸ್ತುಗಳನ್ನೂ ದೂರವಿರಿಸಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮುಂಬಯಿಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಂತಹ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ, ಚೆನ್ನೈಯ ಕಿಲ್ಪಾಕ್ ಸಂಸ್ಥೆಯಲ್ಲಿ, ದೆಹಲಿಯ ಇಹ್‌ಬಾಸ್‌ನಲ್ಲಿ ಮನೋವೈದ್ಯ ಚಿಕಿತ್ಸೆ ಲಭ್ಯವಿದೆ.

ಕಾನೂನು ಮತ್ತು ವಿಮೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು 29 ಮೇ 2018ರಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮನೋಯಾತನೆಯಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂಬುದು ಅದರ 115ನೆಯ ಪ್ರಕರಣದ ಸಾರ. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಕಾಗಿಲ್ಲ. ದೇಹರೋಗಗಳಿಗೆ ನೀಡುವ ರೀತಿಯಲ್ಲಿಯೇ ಮನೋರೋಗಕ್ಕೂ ವಿಮಾ ಸೌಲಭ್ಯವಿರಬೇಕೆಂದು ಅದರ 21ನೆಯ ಪ್ರಕರಣ ವಿಧಿಸುತ್ತದೆ. ಆದರೆ ಸಾಮಾನ್ಯವಾಗಿ ಆರೋಗ್ಯ ವಿಮೆಯು ದಾಖಲಾದಾಗಿನ ವೆಚ್ಚವನ್ನೇ ಮುಖ್ಯವಾಗಿ ಭರಿಸುವುದರಿಂದ, ಹೊರರೋಗಿ ಭೇಟಿ, ಸಮಾಲೋಚನೆಗಳ ಬಗ್ಗೆ ಷರತ್ತುಗಳನ್ನು ಓದಿ ನೋಡಬೇಕು. ಹಿಂದೆ ಬಂದಿದ್ದ ಬೇನೆಯನ್ನು ಅರ್ಜಿಯಲ್ಲಿ ಮರೆಮಾಚಿದರೆ ಮುಂದೆ ಹಣ ಕೇಳುವಾಗ ತೊಡಕಾಗುತ್ತದೆ. ಸತ್ಯವನ್ನೇ ಬರೆಯುವುದು ಕ್ಷೇಮ.

ಸಂಘಗಳು ಮಾಡಬಹುದಾದದ್ದು

ಯುಗಾದಿ, ರಾಜ್ಯೋತ್ಸವಗಳಿಗೆ ನೂರಾರು ಜನರನ್ನು ಕಲೆಹಾಕುವ ಶಕ್ತಿ ಪ್ರತಿಯೊಂದು ಕನ್ನಡ ಸಂಘಕ್ಕೂ ಇದೆ. ಎರಡು ಮೂರು ಸಮಾರಂಭಗಳಿಗೆ ಬಾರದ ಸದಸ್ಯರ ಮನೆಗೆ ಇಬ್ಬರು ಹೋಗಿ ಕಾಫಿ ಕುಡಿದು ಮಾತನಾಡಿ ಬರುವುದು. ಕನ್ನಡ ಬಲ್ಲ ಮನೋವೈದ್ಯರ, ಸಮಾಲೋಚಕರ ಪಟ್ಟಿಯನ್ನು ಕಚೇರಿಯಲ್ಲಿ ಇರಿಸುವುದು. ಆಸ್ಪತ್ರೆಗೆ ಜೊತೆಯಾಗಿ ಹೋಗಲು ಸಿದ್ಧರಿರುವ, ಗುಟ್ಟು ಕಾಪಾಡಬಲ್ಲ ನಾಲ್ವರನ್ನು ಗುರುತಿಸುವುದು – ಇವಕ್ಕೆ ನಿಧಿ ಬೇಕಾಗಿಲ್ಲ, ಮನಸ್ಸು ಸಾಕು.

ಖಿನ್ನತೆ ಮರಳಿ ಬರಬಹುದು. ಆದರೆ ಪ್ರತಿ ಸಲವೂ ಅದು ಇಳಿದುಹೋಗುವ ಬೇನೆಯೂ ಹೌದು. ಒಮ್ಮೆ ಗುಣವಾದವರಿಗೆ ಗುಣವಾಗುವ ದಾರಿ ತಿಳಿದಿದೆ. ಆ ದಾರಿಯನ್ನು ಕತ್ತಲೆಯಲ್ಲಿ ಮರೆತಾಗ ನೆನಪಿಸಿಕೊಡಲು ಪಕ್ಕದಲ್ಲಿ ಒಬ್ಬರಿರಬೇಕು. ಅಂತಹ ಒಬ್ಬರಾಗುವುದು ಯಾರಿಂದಲೂ ಸಾಧ್ಯ.