ಪರರ ಕೋಡನ್ನು ಬೆಸೆಯುವ ಬಗೆ

ವಿದ್ಯಾರ್ಥಿಗಳೇ, ಗಣಕಯಂತ್ರದ ಆಟದಲ್ಲಿ ಚಿತ್ರ, ಧ್ವನಿ, ಚಲನೆಗಳನ್ನು ನಡೆಸುವ ಆಜ್ಞೆಗಳ ಬರಹಕ್ಕೆ ಎಂಜಿನ್ನಿನ ಕೋಡ್ ಎಂದು ಹೆಸರು. 1993ರಲ್ಲಿ ಹೊರಬಂದ 'ಡೂಮ್' ಆಟದ ಎಂಜಿನ್ ಕೋಡನ್ನು ಅದರ ನಿರ್ಮಾಪಕರು 1997ರಲ್ಲಿ ಪ್ರಕಟಿಸಿದರು. ಅನೇಕರು ಅದನ್ನು ತಮ್ಮಿಚ್ಛೆಯಂತೆ ತಿದ್ದಿದರು. ಹೀಗೆ ನಾವು ತಿದ್ದಿಕೊಂಡ ಎಂಜಿನ್ನಿಗೆ ಬೇರೊಬ್ಬರು ಬರೆದ ಹೊಸ ಭಾಗವನ್ನು ಸೇರಿಸುವುದೆಂತು?

ಮೊದಲು ಮೂರು ಪ್ರತಿಗಳನ್ನು ಎದುರಿಗಿಟ್ಟುಕೊಳ್ಳಬೇಕು: ಮೂಲ, ನಮ್ಮದು, ಅವರದು. ಮೂಲವನ್ನು ಬಿಟ್ಟು ಉಳಿದೆರಡನ್ನೇ ಹೋಲಿಸಿದರೆ ಭೇದವು ಕಾಣುವುದೇ ಹೊರತು, ತಿದ್ದಿದವರು ಯಾರೆಂಬುದು ತಿಳಿಯದು. ಒಬ್ಬರೇ ತಿದ್ದಿದ ಸಾಲನ್ನು 'ಗಿಟ್' ಮೊದಲಾದ ಸಾಧನಗಳು ತಾವೇ ಸೇರಿಸುತ್ತವೆ. ಒಂದೇ ಸಾಲನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದ್ದರೆ ಗುರುತುಮಾಡಿ ನಿಲ್ಲುತ್ತವೆ. ಅಲ್ಲಿ ಇಬ್ಬರ ಉದ್ದೇಶವನ್ನೂ ಅರಿತು ನಾವೇ ನಿರ್ಣಯಿಸಬೇಕು.

ಆದರೆ ಗುರುತು ಬೀಳದ ಮಾತ್ರಕ್ಕೆ ಬೆಸುಗೆ ಸರಿಯಾಯಿತೆನ್ನಲಾಗದು. ಡೂಮ್‌ನಲ್ಲಿ ಆಡಿದ ಆಟವನ್ನು ಮತ್ತೆ ನೋಡಲು ಉಳಿಸುವ ದಾಖಲೆಯಲ್ಲಿ ಚಿತ್ರಗಳಿಲ್ಲ. ಆಟಗಾರನು ಸೆಕೆಂಡಿಗೆ 35ರಂತೆ ಇತ್ತ ಆದೇಶಗಳು ಮಾತ್ರ ಇವೆ. ಏಟಿನ ಬಲದಂತಹ ಆಕಸ್ಮಿಕಗಳನ್ನು ಎಂಜಿನ್ 256 ಅಂಕಿಗಳ ಸ್ಥಿರ ಪಟ್ಟಿಯಿಂದ ಕ್ರಮವಾಗಿ ಆಯ್ದುಕೊಳ್ಳುತ್ತದೆ. ಹೊಸ ಭಾಗವು ಆ ಕ್ರಮದಿಂದ ಒಂದಂಕಿಯನ್ನು ಹೆಚ್ಚಾಗಿ ತೆಗೆದುಕೊಂಡರೂ ಮುಂದಿನ ನಡೆಯೆಲ್ಲ ತಪ್ಪಿ, ಹಿಂದೆ ಗೆದ್ದ ವೀರನು ಗೋಡೆಗೆ ಹಾಯುತ್ತ ಮಡಿಯಬಹುದು!

ಆದ್ದರಿಂದ ಬದಲಾವಣೆಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿಸಲವೂ ಹಳೆಯ ದಾಖಲೆಗಳನ್ನು ನಡೆಸಿ ನೋಡಬೇಕು. ಪರರು ವಿಧಿಸಿದ ಪರವಾನಗಿಯನ್ನು ಪಾಲಿಸಿ, ಅವರ ಹೆಸರನ್ನು ಉಳಿಸಬೇಕು. ಸಾಲುಗಳನ್ನು ಯಂತ್ರವು ಕೂಡಿಸೀತು. ಅರ್ಥವನ್ನು ಕೂಡಿಸುವ ಹೊಣೆ ಮನುಷ್ಯನದು.