ಸೂರಕ್ಕಿಯನ್ನು ಗುರುತಿಸುವ ಬಗೆ

ಮುಂಬಯಿಯಂತಹ ಮಹಾನಗರದಲ್ಲಿ ಕಾಗೆ, ಗುಬ್ಬಿ, ಪಾರಿವಾಳಗಳ ಹೊರತು ಬೇರೆ ಹಕ್ಕಿಗಳಿಲ್ಲವೆಂಬುದು ಹಲವರ ಎಣಿಕೆ. ಆದರೆ ನಾಲ್ಕು ದಾಸವಾಳದ ಗಿಡಗಳಿರುವ ಅಂಗಳಕ್ಕೂ ಸೂರಕ್ಕಿ ಬಂದು ಹೋಗುತ್ತದೆ. ಗುಬ್ಬಿಗಿಂತ ಕಿರಿದಾದ, ಸುಮಾರು 10 ಸೆಂಟಿಮೀಟರು ಉದ್ದದ ಈ ಹಾಡುಹಕ್ಕಿಗೆ ಬಾಗಿದ ನೀಳ ಕೊಕ್ಕೇ ಮೊದಲ ಗುರುತು.

ಇಲ್ಲಿ ಹೆಚ್ಚಾಗಿ ಕಾಣುವ ಜಾತಿಗಳು ಎರಡು. ನೇರಳೆ ಪೃಷ್ಠದ ಸೂರಕ್ಕಿಯ ಗಂಡಿಗೆ ನೆತ್ತಿಯಲ್ಲಿ ಹೊಳೆಯುವ ಹಸುರು, ಬೆನ್ನಿನಲ್ಲಿ ಕಡುಗೆಂಪು, ಕೊರಳಿನಲ್ಲಿ ನೇರಳೆ, ಹೊಟ್ಟೆಯಲ್ಲಿ ಹಳದಿ. ವರ್ಷವಿಡೀ ಅದಕ್ಕೆ ಇದೇ ಉಡುಪು. ನೇರಳೆ ಸೂರಕ್ಕಿಯ ಗಂಡು ದೂರಕ್ಕೆ ಕಪ್ಪಾಗಿ ತೋರಿದರೂ ಬಿಸಿಲು ಬಿದ್ದೊಡನೆ ನೀಲಿ ನೇರಳೆಯಾಗಿ ಮಿಂಚುತ್ತದೆ. ಮರಿಮಾಡುವ ಕಾಲ ಕಳೆದ ಮೇಲೆ ಅದು ಹೆಣ್ಣಿನಂತೆ ಮಾಸಲು ಬಣ್ಣ ತಾಳುತ್ತದೆ. ಗದ್ದದಿಂದ ಹೊಟ್ಟೆಯವರೆಗೆ ಇಳಿಯುವ ಕಪ್ಪು ಪಟ್ಟೆಯೊಂದೇ ಆಗ ಅದರ ಕುರುಹು. ಎರಡೂ ಜಾತಿಯ ಹೆಣ್ಣುಗಳು ಮೇಲೆ ಕಂದು, ಕೆಳಗೆ ಹಳದಿ. ಕೊರಳು ಬೆಳ್ಳಗಿದ್ದರೆ ಮೊದಲನೆಯ ಜಾತಿ, ಕೊರಳೂ ಹಳದಿಯಾಗಿದ್ದರೆ ಎರಡನೆಯದು. ಆದುದರಿಂದ ಬಣ್ಣ ಯಾವುದೆಂದಷ್ಟೇ ಅಲ್ಲ, ಯಾವ ಅಂಗದಲ್ಲಿದೆ ಎಂಬುದನ್ನೂ ನೋಡಬೇಕು.

ಇದನ್ನು ಹಮ್ಮಿಂಗ್ ಹಕ್ಕಿಯೆಂದು ಕರೆಯುವವರುಂಟು, ಅದು ಸರಿಯಲ್ಲ. ಹಮ್ಮಿಂಗ್ ಹಕ್ಕಿಗಳು ಅಮೆರಿಕ ಖಂಡಗಳಲ್ಲಿ ಮಾತ್ರ ವಾಸಿಸುತ್ತವೆ. ಅವು ಗಾಳಿಯಲ್ಲಿ ನಿಂತು ಮಕರಂದ ಹೀರಿದರೆ, ಸೂರಕ್ಕಿ ಬಹುಮಟ್ಟಿಗೆ ರೆಂಬೆಯ ಮೇಲೆ ಕುಳಿತೇ ಹೀರುತ್ತದೆ. ಆಗ ಹಣೆಗೆ ಅಂಟಿದ ಪರಾಗವು ಹೂವಿನಿಂದ ಹೂವಿಗೆ ಸಾಗುತ್ತದೆ. ಹೂವು ತೀರ ಆಳವಾಗಿದ್ದರೆ ಅದರ ಬುಡವನ್ನು ಚುಚ್ಚಿ ಮಕರಂದ ಕದಿಯುವುದೂ ಉಂಟು. ಮರಿಗಳಿಗೆ ಮಾತ್ರ ಹುಳುಹುಪ್ಪಟೆ, ಜೇಡಗಳ ಆಹಾರ ಬೇಕೇ ಬೇಕು.

ಇದರ ಗೂಡನ್ನು ಗುರುತಿಸುವುದು ಇನ್ನೂ ಕಠಿನ. ಹೆಣ್ಣು ಹಕ್ಕಿಯು ನಾರು, ಹುಲ್ಲುಗಳನ್ನು ಜೇಡರ ಬಲೆಯಿಂದ ಬಿಗಿದು ರೆಂಬೆಯ ತುದಿಗೆ ಚೀಲದಂತೆ ತೂಗುಹಾಕುತ್ತದೆ. ಪಕ್ಕದಲ್ಲಿ ದ್ವಾರ, ಅದರ ಮೇಲೊಂದು ಪುಟ್ಟ ಸೂರು. ಹೊರಗೆಲ್ಲ ತೊಗಟೆಯ ಚೂರು, ಒಣ ಎಲೆ, ಕಂಬಳಿಹುಳುವಿನ ಹಿಕ್ಕೆ! ನೋಡಿದವರಿಗೆ ಬಲೆಗೆ ಸಿಕ್ಕ ಕಸವೆಂದೇ ಭ್ರಮೆ. ಶತ್ರುವಿನ ಕಣ್ಣು ತಪ್ಪಿಸುವ ಈ ವೇಷವೇ ಮನೆಗಳ ಬಳಿ ಅದಕ್ಕೆ ಮುಳುವಾಗುತ್ತದೆ. ಕಸವೆಂದು ತಿಳಿದು ಪೊರಕೆಯಿಂದ ಗುಡಿಸಿಹಾಕಿದಾಗ ಮೊಟ್ಟೆಗಳೂ ನೆಲಕ್ಕೆ ಬೀಳುತ್ತವೆ.

ಬಾಲಮಿತ್ರರೇ, ಬಾಲ್ಕನಿಯ ಬಳ್ಳಿಯಲ್ಲೋ ತಂತಿಯಲ್ಲೋ ಅಂತಹ ಕಸ ತೂಗಾಡುತ್ತಿದ್ದರೆ, ಪಕ್ಕದಲ್ಲಿ ದ್ವಾರವಿದೆಯೇ ಎಂದು ಮೊದಲು ದೂರದಿಂದಲೇ ನೋಡಿರಿ. ಇದ್ದರೆ ಮನೆಯವರಿಗೆ ತಿಳಿಸಿರಿ. ಕಾವಿಗೆ ಸುಮಾರು ಎರಡು ವಾರ, ಮರಿಗಳು ಹಾರಲು ಮತ್ತೆರಡು ವಾರ. ಅಷ್ಟು ದಿನ ಆ ಮೂಲೆಯಲ್ಲಿ ಪೊರಕೆಯಾಡಿಸದಿದ್ದರೆ ಸಾಕು, ಒಂದು ಸಂಸಾರ ಉಳಿಯುತ್ತದೆ.